ತೊಗಲಿನ ದಾರ

ಹೊಸಬರು ಯಾರಾದರೂ ಮನೆಗೆ ಬಂದರೆ ಆಂಟಿ ಅವರ ಮುಖ ನೋಡುವ ಮೊದಲು ತೊಡೆ ನೋಡುತ್ತಿದ್ದರು. ಸೊಂಟದ ಕೀಲಿನಿಂದ ಮೊಣಕಾಲಿನವರೆಗೆ, ಒಂದೇ ಸಲ, ಮೇಲಿಂದ ಕೆಳಕ್ಕೆ. ಆಮೇಲೆ ಕಣ್ಣೆತ್ತಿ, "ಬಾ ಒಳಗೆ, ಬಾಗ್ಲಲ್ಲಿ ಯಾಕ್ ನಿಂತಿದ್ದೀಯ?" ಎನ್ನುತ್ತಿದ್ದರು. ನನ್ನನ್ನೂ ಹಾಗೇ ನೋಡಿದರು. ಅವರ ಗಂಡ ಕೋಲಾರದಲ್ಲಿ ಬೂಟು ಚಪ್ಪಲಿಯ ಅಂಗಡಿ ಇಟ್ಟಿದ್ದರೆಂದು ಕೇಳಿದ್ದೆ, ಇದು ಅಂಗಡಿಯ ಅಭ್ಯಾಸವಿರಬೇಕು ಅಂದುಕೊಂಡೆ. ಚಪ್ಪಲಿ ಅಂಗಡಿಯವರು ನೋಡುವುದು ಪಾದವನ್ನು, ತೊಡೆಯನ್ನಲ್ಲ ಎಂದು ಹೊಳೆದದ್ದು ವಾಪಸ್ ಬಸ್ಸಿನಲ್ಲಿ ಕೂತ ಮೇಲೆ.

ಅವರು ಕಥೆಗಾರ್ತಿ. ಹಕ್ಕಾ ಭಾಷೆಯಲ್ಲಿ ಬರೆಯುತ್ತಿದ್ದರು. ಕೋಲಾರದಲ್ಲಿ ಹಕ್ಕಾ ಎಂದರೆ ಸಂಜೆ ತಳ್ಳುಗಾಡಿಯ ಮೇಲೆ ಗೋಬಿ ಮಂಚೂರಿಯ ಪಕ್ಕದಲ್ಲಿ ತಯಾರಾಗುವ ನೂಡಲ್ಸ್. ಅದು ದಕ್ಷಿಣ ಚೀನಾದ ಬೆಟ್ಟಗಳಲ್ಲಿ ಊರಿಂದೂರಿಗೆ ಗುಳೆ ಹೋಗುತ್ತ ಬದುಕಿದ ಒಂದು ಜನದ ಹೆಸರು, ಆ ಜನಕ್ಕೊಂದು ಭಾಷೆಯಿದೆ, ಆ ಭಾಷೆಯ ಒಬ್ಬ ಲೇಖಕಿ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ ಎಂಬುದು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಬೀದಿಗೆ ಅವರು ಚೀನಾಮ್ಮ. "ಆ ನೂಡಲ್ಸು ನಿಮ್ಮೋರ್ದೇನಮ್ಮಾ?" ಎಂದು ಯಾರಾದರೂ ಕೇಳಿದರೆ, "ನಮ್ಮಜ್ಜಿ ಅದನ್ನ ತಿಂದಿದ್ರೆ ಅವತ್ತೇ ಹೋಗ್ಬಿಡ್ತಿದ್ಲು" ಎನ್ನುತ್ತಿದ್ದರು.

ಹುಟ್ಟಿದ್ದು ಕಲ್ಕತ್ತೆಯಲ್ಲಿ, ತೊಗಲು ಹದ ಮಾಡುವವರ ಕೇರಿಯಲ್ಲಿ. ತಂದೆಗೂ ಅದೇ ಕೆಲಸ. ಮದುವೆಯಾದ ಹೊಸತರಲ್ಲಿ ಗಂಡನ ಸ್ನೇಹಿತರಾದ ಮುಳಬಾಗಿಲಿನ ಒಬ್ಬ ತೊಗಲು ವ್ಯಾಪಾರಿ ಇಬ್ಬರನ್ನೂ ಈ ಕಡೆಗೆ ಕರೆತಂದರು. ಆ ಸಾಹೇಬರ ತೊಗಲು ಮಂಡಿಯಿಂದಲೇ ಗಂಡ ತೊಗಲು ಕೊಂಡು ಬೂಟು ಹೊಲಿಯುತ್ತಿದ್ದರು. ಇವರು ಗಲ್ಲಾದಲ್ಲಿ ಕೂತು ಗಿರಾಕಿಗಳ ಬಾಯಿಂದಲೇ ಕನ್ನಡ, ತೆಲುಗು, ದಖ್ಖನಿ ಕಲಿತರು. ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಬರೆಯುವುದು ಮಾತ್ರ ನಾಲ್ಕನೆಯದರಲ್ಲಿ. ಮಕ್ಕಳಿರಲಿಲ್ಲ. ನಾನು ಹೋಗಲು ಶುರು ಮಾಡುವ ಹೊತ್ತಿಗೆ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಅಂಗಡಿ ಮೊಬೈಲ್ ರಿಪೇರಿಯವನ ಕೈ ಸೇರಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ಚೀನೀ ಭಾಷೆ ಓದಿದವಳು. ನರಸಾಪುರದ ಒಂದು ಕಾರ್ಖಾನೆಯಲ್ಲಿ ದುಭಾಷಿ. ಹೊರಗಿನಿಂದ ಬಂದ ಎಂಜಿನಿಯರುಗಳು ಹೇಳಿದ್ದನ್ನು ಲೈನಿನ ಹುಡುಗಿಯರಿಗೆ ಕನ್ನಡದಲ್ಲಿ ಹೇಳಬೇಕು, ಹುಡುಗಿಯರು ಹೇಳಿದ್ದನ್ನು ಅವರಿಗೆ ಚೀನಿಯಲ್ಲಿ. ನನ್ನದೆಂದು ಒಂದು ಮಾತನ್ನೂ ಸೇರಿಸಬಾರದು. ಆ ಕೆಲಸ ನನಗೆ ಒಗ್ಗಿತ್ತು. ಓದುವ ಅಭ್ಯಾಸ ತಪ್ಪಬಾರದೆಂದು ಯಾರಾದರೂ ಸಿಗುತ್ತಾರೆಯೇ ಎಂದು ವಿಚಾರಿಸುತ್ತಿದ್ದಾಗ ಅವರ ವಿಷಯ ತಿಳಿಯಿತು. ಭಾನುವಾರಗಳಂದು ಹೋಗತೊಡಗಿದೆ. ಅಕ್ಷರಗಳು ನಾನು ಕಲಿತವೇ, ಉಚ್ಚಾರ ಬೇರೆ. ನಾನು ಕಣ್ಣಲ್ಲಿ ಓದುತ್ತಿದ್ದ ಸಾಲನ್ನು ಅವರು ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಓದುವರು. ಗೊತ್ತಿರುವ ಮನೆಯೊಳಗೆ ಗೊತ್ತಿಲ್ಲದವರು ಮಾತಾಡುತ್ತಿರುವ ಹಾಗೆ ಕೇಳಿಸುತ್ತಿತ್ತು.

ಅವರನ್ನು ನಾನು ಆಂಟಿ ಎನ್ನುತ್ತಿದ್ದೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. "ಏಯ್ ಉದ್ದನೇ ಹುಡುಗಿ" ಎನ್ನುತ್ತಿದ್ದರು. ನಾನು ಅಂಥ ಉದ್ದವೇನೂ ಇಲ್ಲ.

ಅಚ್ಚಾದ ಪುಸ್ತಕ ಎರಡು, ತೆಳ್ಳಗಿನವು. ಉಳಿದ ಕಥೆಗಳು ಕಲ್ಕತ್ತೆಯ ಒಂದು ಸಣ್ಣ ಪತ್ರಿಕೆಯಲ್ಲಿ ಬಂದವು. ಆ ಪತ್ರಿಕೆ ಈಗಿಲ್ಲ. ಕೇರಿಯ ಜನ ಬಹುಪಾಲು ದೇಶ ಬಿಟ್ಟಿದ್ದಾರೆ, ಅವರ ಮಕ್ಕಳಿಗೆ ಭಾಷೆ ಬರುವುದಿಲ್ಲ. "ನನ್ನ ಓದೋರಿಗೆ ಯಾರ್ಗೂ ಈಗ ಬಾಯಲ್ಲಿ ಹಲ್ಲಿಲ್ಲ. ನೀನೊಬ್ಳೇ ಹಲ್ಲಿರೋಳು" ಎಂದು ಒಮ್ಮೆ ನಕ್ಕರು.

ಅವರ ಕಥೆಗಳಲ್ಲಿ ಯಾರೋ ಏನನ್ನೋ ತೆರೆಯಲು ಹೊರಟಿರುತ್ತಾರೆ. ಒಂದರಲ್ಲಿ, ಕೆಲಸದವನೊಬ್ಬ ಕಾಣೆಯಾದ ಮೇಲೆ ತೊಗಲು ನೆನೆಹಾಕುವ ತೊಟ್ಟಿಯನ್ನು ಬರಿದು ಮಾಡಲು ಮಾಲೀಕನ ಹೆಂಡತಿ ಒಬ್ಬಳೇ ಕೊಳಗ ಹಿಡಿದು ಬರುತ್ತಾಳೆ. ಇನ್ನೊಂದರಲ್ಲಿ ಗಂಡನ ಟ್ರಂಕಿನ ಬೀಗಕ್ಕೆ ಬೀಗ ರಿಪೇರಿಯವನನ್ನು ಕರೆಸಿದ್ದಾಳೆ. ತೊಟ್ಟಿಯ ನೀರು ಮೊಣಕಾಲಷ್ಟಕ್ಕೆ ಇಳಿದಾಗ, ಬೀಗ ಟಕ್ಕೆಂದಾಗ ಕಥೆ ನಿಂತುಬಿಡುತ್ತದೆ. ಎಲ್ಲ ಕಥೆಗಳೂ ಹೀಗೇ. ನನಗೆ ಸಿಟ್ಟು ಬಂದು ಕೇಳಿದೆ, ಮುಂದೇನಾಯಿತು ಹೇಳಬೇಡವೇ ಎಂದು.

"ತೆರೆದ್ ಮೇಲೆ ಏನಿರುತ್ತೆ? ಇದ್ದಿದ್ದೇ ಇರುತ್ತೆ. ತೆರೆಯೋ ತನಕ ತಾನೇ ಎಲ್ರೂ ಬದ್ಕಿರೋದು?"

ಅಡುಗೆಮನೆಯ ಮೂಲೆಯಲ್ಲಿ ಕಂದು ಬಣ್ಣದ ಒಂದು ದೊಡ್ಡ ಜಾಡಿ ಇತ್ತು. ಎತ್ತರದ್ದು, ಬಾಯಿ ಅಗಲ, ಮೇಲೆ ತಟ್ಟೆಯಂಥ ಮುಚ್ಚಳ. ಕಲ್ಕತ್ತೆಯಿಂದ ರೈಲಿನಲ್ಲಿ ತಂದದ್ದು. ಅದರ ಮೇಲಿನ ಮೊಳೆಗೆ ತೊಗಲಿನ ಒಂದು ದಾರ ತೂಗುತ್ತಿತ್ತು, ಬೂಟಿನ ಲೇಸಿಗಿಂತ ಸ್ವಲ್ಪ ದಪ್ಪ, ಎರಡು ಗಂಟು ಹಾಕಿದ್ದು. ಪಕ್ಕದ ಮನೆಯ ರತ್ನಮ್ಮನಿಗೆ ಆ ಜಾಡಿಯ ಮೇಲೆ ಕಣ್ಣು. ನಾನಿದ್ದಾಗಲೇ ಒಮ್ಮೆ ಬಂದರು.

"ಚೀನಾಮ್ಮಾ, ನಮ್ಮಣ್ಣ ಶ್ರೀನಿವಾಸಪುರದಿಂದ ಮಾವಿನಕಾಯಿ ಕಳ್ಸವ್ನೆ. ನಿಮ್ ಜಾಡಿ ಖಾಲಿನೇ ಐತಲ್ಲ, ಉಪ್ಪಿನಕಾಯಿ ಹಾಕಿ ನಿಮ್ಗೂ ಅರ್ಧ ಕೊಡ್ತೀನಿ."

"ಅದ್ರಲ್ಲಿ ನನ್ ಗಂಡ ಕೂತ್ಕೋಬೇಕು ರತ್ನಮ್ಮ."

ರತ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ತಮಾಷೆ ಬಿಡಿ. ಕೊಡಲ್ಲ ಅಂದ್ರೆ ಕೊಡಲ್ಲ ಅನ್ನಿ."

"ಸೀಳಿದೆ ಕಣೇ. ತಳದಿಂದ ನಾಲ್ಕು ಬೆರಳು ಮೇಲೆ, ಗೋಡೆ ಕಡೆಗೆ. ಉಪ್ಪುನೀರು ಒಂದೇ ವಾರದಲ್ಲಿ ಆಚೆ ಬರುತ್ತೆ."

"ಅಯ್ಯೋ ಪಾಪ, ಎಂಥಾ ಜಾಡಿ" ಎಂದು ರತ್ನಮ್ಮ ಹೊರಟುಹೋದರು. ಜಾಡಿಯಲ್ಲಿ ಎಲ್ಲೂ ಒಂದು ಗೆರೆ ಸಹ ಇರಲಿಲ್ಲ. ಆಂಟಿ ನನ್ನ ಕಡೆ ತಿರುಗಿದರು. "ನೋಡ್ದಾ? ನಿಜ ಹೇಳ್ದೆ, ನಕ್ಕಳು. ಅಳತೆ ಹೇಳ್ದೆ, ನಂಬಿದ್ಲು. ಸುಳ್ಳಿಗೆ ಅಳತೆ ಕೊಡು. ಕಥೆ ಅಂದ್ರೆ ಅಷ್ಟೇ."

ಹಾಗಾದರೆ ಮೊದಲು ಹೇಳಿದ್ದು ನಿಜವೇ ಎಂದು ನಾನು ಕೇಳಿದೆ. ಹೌದು ಎಂದು ವಿವರಿಸಿದರು, ಅನ್ನ ಬಸಿಯುವುದು ಹೇಗೆಂದು ಹೇಳಿಕೊಡುವಷ್ಟೇ ಸಲೀಸಾಗಿ. ಅವರ ಜನದಲ್ಲಿ ಸತ್ತವರನ್ನು ಎರಡು ಸಲ ಮಣ್ಣು ಮಾಡುತ್ತಾರೆ. ಮೊದಲ ಸಲ ಹೂತು ಆರೇಳು ವರ್ಷ ಬಿಡುತ್ತಾರೆ. ಆಮೇಲೆ ಅಗೆದು, ಎಲುಬನ್ನು ಒಂದೊಂದಾಗಿ ಎತ್ತಿ ಒರೆಸಿ, ಜಾಡಿಯಲ್ಲಿ ಕೂರಿಸುತ್ತಾರೆ. ಪಾದ ಕೆಳಗೆ, ಅದರ ಮೇಲೆ ಕಾಲು, ಸೊಂಟ, ಬೆನ್ನು, ಕೊನೆಗೆ ತಲೆ. ಮನುಷ್ಯ ಮೊಣಕಾಲು ಮಡಚಿ ಕೂತ ಹಾಗೆ. ದೇಹದಲ್ಲಿ ಎಲ್ಲಕ್ಕಿಂತ ಉದ್ದದ ಎಲುಬು ತೊಡೆಯದು. ಅದು ಹಿಡಿಸಿದರೆ ಮಿಕ್ಕವೆಲ್ಲ ಹಿಡಿಸುತ್ತವೆ, ಹಾಗಾಗಿ ಜಾಡಿಗೆ ತೊಡೆಯ ಅಳತೆ. ಊರು ಬಿಟ್ಟು ಹೋಗುವಾಗ ಪಾತ್ರೆಪಡಗಕ್ಕಿಂತ ಮೊದಲು ಹಿರಿಯರ ಜಾಡಿಗಳನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರಂತೆ.

"ಅಳತೆ ದಾರದ ಕೆಳತುದಿಯಿಂದ. ಮೇಲಿನ ಗಂಟು ಅವ್ರದು. ಕೆಳಗಿಂದು ನಂದು. ನಂಗೆ ಚಿಕ್ಕ ಜಾಡಿ ಸಾಕು."

"ಎತ್ತದೆ ಹಾಗೇ ಬಿಟ್ಟರೆ?"

ಅವರು ಕಡಲೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಲಿಲ್ಲ. "ಕೂತೋರು ಸುಮ್ನಿರ್ತಾರೆ. ಮಲಗೇ ಇರೋರಿಗೆ ಬೇಜಾರು. ಜೊತೆಗೆ ಯಾರ್ನಾದ್ರೂ ಕರೀತಾರೆ."

ಗಂಡನನ್ನು ಹೂತದ್ದು ಶ್ರೀನಿವಾಸಪುರದ ಆಚೆ, ಸಾಹೇಬರ ಮಾವಿನ ತೋಟದ ಒಂದು ಮೂಲೆಯಲ್ಲಿ. ಈ ಜಿಲ್ಲೆಯಲ್ಲಿ ಅವರ ಜನಕ್ಕೆ ಬೇರೆ ಜಾಗ ಎಲ್ಲಿಯದು? ಸ್ನೇಹಕ್ಕೆ ಸಾಹೇಬರು ಕೊಟ್ಟ ಜಾಗ ಅದು. ಆ ದಿನ ಆಂಟಿಗೆ ವಿಪರೀತ ಜ್ವರ, ಆಸ್ಪತ್ರೆಯಲ್ಲಿದ್ದರು. ಮಣ್ಣು ಮಾಡಿಸಿದ್ದೆಲ್ಲ ಸಾಹೇಬರು ಮತ್ತು ತೋಟ ಕಾಯುವ ಚೌಡಪ್ಪ. ಸಾಹೇಬರು ಕೂಡ ಈಗಿಲ್ಲ. ಅವರ ಮಕ್ಕಳು ತಂದೆಯ ಮಾತು ಉಳಿಸಿಕೊಂಡು ಆ ಮೂಲೆಯನ್ನು ಹಾಗೇ ಬಿಟ್ಟಿದ್ದಾರೆ.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ, ಎತ್ತುವ ಕಾಲ ಬಂತು ಎಂದರು. ನಾನು ಜೊತೆಗೆ ಹೋದೆ. ಶ್ರೀನಿವಾಸಪುರದಲ್ಲಿ ಬಸ್ಸಿಳಿದು ಹಿಡಿದ ಆಟೋದಲ್ಲಿ ಜಾಡಿ ನಮ್ಮಿಬ್ಬರ ನಡುವೆ ಕೂತಿತ್ತು. ಒಂದು ಬಿಳಿಯ ಬಟ್ಟೆ, ಬೂಟಿನ ಬ್ರಷ್ಷು, ಒಂದು ಕಪ್ಪು ಕೊಡೆ. ಕೊಡೆ ನನ್ನ ಕೆಲಸ. ಎಲುಬು ಆಕಾಶ ನೋಡಬಾರದಂತೆ.

ಚೌಡಪ್ಪ ಗುದ್ದಲಿ ತೊಳೆದು ಕುಂಕುಮ ಇಟ್ಟುಕೊಂಡು ಕಾಯುತ್ತಿದ್ದ. ವಯಸ್ಸಾದ ಮನುಷ್ಯ, ಅರ್ಧ ತೆಲುಗು ಅರ್ಧ ಕನ್ನಡ.

"ಕಾಲಿಂದ ಅಗೀಲಾ, ತಲೆಯಿಂದ ಅಗೀಲಾ ಚೀನಾಮ್ಮಾ?"

"ಕಾಲಿಂದ. ಕೂರ್ಸೋದು ಕಾಲಿಂದ ತಾನೇ?"

ಮೊದಲು ಕೆಂಪು ಮಣ್ಣು ಬಂತು. ಮೊಣಕಾಲಾಳಕ್ಕೆ ಹೋದಾಗ ಗುದ್ದಲಿಯ ಸದ್ದು ಬದಲಾಯಿತು. ಮಣ್ಣು ಬೆಳ್ಳಗಾಯಿತು, ಆಮೇಲೆ ಮಣ್ಣೇ ಇರಲಿಲ್ಲ, ಹೆಪ್ಪುಗಟ್ಟಿದ ಬಿಳಿಯ ಗಟ್ಟಿ. "ಇದೇಮಿ ಇದಿ?" ಎಂದು ಚೌಡಪ್ಪ ತನ್ನಷ್ಟಕ್ಕೆ ಗೊಣಗಿದ. ನಾನು ಮೂಗಿಗೆ ಸೆರಗು ಹಿಡಿಯಲು ತಯಾರಾಗಿದ್ದೆ. ಆದರೆ ಕೊಳೆತ ವಾಸನೆ ಬರಲಿಲ್ಲ. ಮುಳಬಾಗಿಲಿನ ತೊಗಲು ಮಂಡಿಯ ಮುಂದೆ ಹಾದುಹೋಗುವಾಗ ಬರುವ ವಾಸನೆ ಬಂತು.

ಆಂಟಿ ಚೌಡಪ್ಪನನ್ನು ಮೇಲಕ್ಕೆ ಕಳಿಸಿ, ಚಪ್ಪಲಿ ಬಿಟ್ಟು ಗುಂಡಿಗೆ ಇಳಿದರು. ಬ್ರಷ್ಷಿನಿಂದ ಬಿಳಿಯದನ್ನು ಸರಿಸಿದರು. ಅಂಗಿಯ ತೋಳು ಕಂಡಿತು. ತೋಳಿನ ಬಟನ್ನು ಇನ್ನೂ ತನ್ನ ಕಾಜಿನಲ್ಲೇ ಇತ್ತು. ತೋಳಿನೊಳಗೆ ಕೈ ಇತ್ತು. ಎಲುಬಲ್ಲ, ಕೈ. ಉಗುರುಗಳೂ ಇದ್ದವು. ನಾನು ಕೊಡೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಅವರು ಆ ಕೈಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ತೊಗಲು ಹದಕ್ಕೆ ಬಂದಿದೆಯೇ ಎಂದು ನೋಡುವವರು ಹಾಗೆ ಮಾಡುತ್ತಾರೆ. ಆಮೇಲೆ ತಂದಿದ್ದ ಬಿಳಿಯ ಬಟ್ಟೆಯನ್ನು ಅದರ ಮೇಲೆ ಹೊದಿಸಿ ಮೇಲೆ ಬಂದರು.

"ಮುಚ್ಚು ಚೌಡಪ್ಪ."

"ಯಾಕಮ್ಮಾ? ಏನಾಯ್ತು?"

"ಇನ್ನೂ ಆಗಿಲ್ಲ. ಮೊದ್ಲಿಂದ್ಲೂ ನಿಧಾನ ಆ ಮನುಷ್ಯ. ಅಂಗಡಿ ಬೀಗ ಹಾಕೋಕೇ ಅರ್ಧ ಸಂಜೆ ಬೇಕಿತ್ತು."

ಚೌಡಪ್ಪನ ಮುಖ ಸಡಿಲಾಯಿತು. ಅವನು ಮುಚ್ಚುತ್ತಿರುವಾಗ ಆಂಟಿ ಏನೋ ನೆನಪಾದವರಂತೆ ಕೇಳಿದರು. "ಆವತ್ತು ಉಪ್ಪು ಹಾಕಿದ್ಯಾ?"

"ಹಾಕ್ದೆ ಇರ್ತೀನಾ ತಾಯಿ? ಉಪ್ಪಿಲ್ದೆ ಮಣ್ಣು ಮಾಡ್ತಾರಾ? ನಮ್ಮೋರ್ಗಾದ್ರೆ ಒಂದೆರಡು ಸೇರು. ಬೇಗ ಕರಗ್ಲಿ ಅಂತ. ಸಾಹೇಬ್ರಿಗೆ ಉಪ್ಪು ಬೇಕು ಸ್ವಾಮಿ ಅಂದೆ, ಅವರು ಮಂಡಿಯಿಂದ ಗಾಡೀನೇ ಕಳ್ಸಿದ್ರು. ನನ್ ದೋಸ್ತಿಗೆ ಕಮ್ಮಿ ಮಾಡ್ಬೇಡ ಅಂದ್ರು. ಒಂದು ಕಾಳೂ ಉಳಿಸ್ಲಿಲ್ಲಮ್ಮ, ಎಲ್ಲಾ ಹಾಕ್ದೆ. ನಮ್ಮಪ್ಪನ್ಗೂ ಅಷ್ಟು ಹಾಕಿರ್ಲಿಲ್ಲ."

ಮಣ್ಣು ಮಾಡಿದ ದಿನ ಅಳುತ್ತಿದ್ದ ಸಾಹೇಬರಿಗೆ ತಮ್ಮ ಕಸುಬೇ ನೆನಪಿಗೆ ಬಂದಿರಲಿಲ್ಲ. ಕೇಳಿದ್ದು ಉಪ್ಪು, ಮಂಡಿಯಲ್ಲಿದ್ದದ್ದು ಉಪ್ಪು, ಕಳಿಸಿದರು. ತೊಗಲು ಕೆಡದೆ ಇರಲೆಂದೇ ಮಂಡಿಯಲ್ಲಿ ಅಷ್ಟು ಉಪ್ಪು ತರಿಸಿಡುತ್ತಾರೆ.

"ಒಳ್ಳೇ ಕೆಲ್ಸ ಮಾಡ್ದೆ" ಎಂದರು ಆಂಟಿ.

ಬಸ್ಸಿನಲ್ಲಿ ಖಾಲಿ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚಿಂತಾಮಣಿ ರಸ್ತೆ ಸೇರಿಕೊಳ್ಳುವಲ್ಲಿ ಬಸ್ಸು ನಿಂತಾಗ ಮಾತಾಡಿದರು.

"ಚೌಡಪ್ಪನ್ಗೆ ಹೇಳ್ಬೇಡ."

"ಹೇಳದಿದ್ದರೆ ಮುಂದಿನ ಸಲವೂ ಹಾಗೇ ಮಾಡ್ತಾನಲ್ಲ ಆಂಟಿ?"

"ಮುಂದಿನ ಸಲ ಅಂದ್ರೆ ನಂದು." ಜಾಡಿಯ ಮುಚ್ಚಳವನ್ನು ಸರಿಯಾಗಿ ಕೂರಿಸಿದರು. "ಅಮಾವಾಸ್ಯೆ ತಪ್ದೆ ಅಲ್ಲಿ ದೀಪ ಇಡ್ತಾನೆ. ಹೆಂಡ್ತಿ ಬೈದ್ರೂ ಬಿಡಲ್ಲ. ಒಬ್ಬ ಮನುಷ್ಯನ್ನ ಮಣ್ಣಾಗೋಕೆ ಬಿಡ್ದೆ ಹಿಡಿದಿಟ್ಟಿದ್ದು ತಾನೇ ಅಂತ ಗೊತ್ತಾದ್ರೆ ಅವನು ಉಳಿಯಲ್ಲ ಕಣೇ. ನಮ್ಮೋರು ಕರಗೋಕೆ ಇನ್ನೊಂದು ಹತ್ತು ವರ್ಷ ಆಗುತ್ತೆ, ಆಗ್ಲಿ. ಆಮೇಲೆ ನೀನು ಇಬ್ರನ್ನೂ ಎತ್ತಿ ಪಕ್ಕಪಕ್ಕ ಕೂರ್ಸು."

"ನಾನು?"

"ಮತ್ಯಾರು? ಟೊರಾಂಟೋದಲ್ಲಿರೋ ನನ್ನ ಅಣ್ಣನ ಮಗ ಬರ್ತಾನಾ? ಅವ್ನು ಜಿಮ್ಮಿಗೆ ಹೋಗೋಕೇ ಪುರಸೊತ್ತಿಲ್ಲ ಅಂತಾನೆ."

"ಕಾರಣ ಚೌಡಪ್ಪನಿಗೆ ಗೊತ್ತಾಗದ ಹಾಗೆ ನಿಮಗೆ ಉಪ್ಪು ಹಾಕೋದನ್ನ ತಡೆಯೋದು ಹೇಗೆ?"

"ಅದು ನಿನ್ನ ಕಥೆ. ನಾನು ಸತ್ತಿರ್ತೀನಿ."

ಆಗಲಿ ಎಂದು ನಾನು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಅದನ್ನು ಅವರು ಒಪ್ಪಿಗೆಯೆಂದೇ ಲೆಕ್ಕಕ್ಕೆ ತೆಗೆದುಕೊಂಡರು.

ಆಮೇಲಿನ ದಿನಗಳಲ್ಲಿ ಅವರು ಹೆಚ್ಚು ಬರೆಯಲಿಲ್ಲ. ಮೇಲೆ ತಾರಸಿಯಲ್ಲಿ ಸಾಸಿವೆ ಸೊಪ್ಪಿಗೆ ಉಪ್ಪು ತಿಕ್ಕಿ ಒಣಗಿಸುತ್ತಿದ್ದವರು ಅದನ್ನು ಬಿಟ್ಟುಬಿಟ್ಟರು. ಅನ್ನಕ್ಕೂ ಉಪ್ಪು ಕಡಿಮೆಯಾಯಿತು. ಡಾಕ್ಟರು ಹೇಳಿದರೇ ಎಂದು ಕೇಳಿದೆ. "ನಾನೇ ಹೇಳ್ಕೊಂಡೆ. ಈಗಿಂದ್ಲೇ ಕಮ್ಮಿ ಮಾಡಿದ್ರೆ ನಿಂಗೆ ಸುಲಭ" ಎಂದರು. ತಮಾಷೆಯೇ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ.

ಒಂದು ಭಾನುವಾರ ರಾತ್ರಿ ಪಾಳಿ ಮುಗಿಸಿ ನೇರ ಅವರ ಮನೆಗೆ ಹೋಗಿದ್ದೆ. ಊಟ ಮಾಡಿ ಚಾಪೆಯ ಮೇಲೆ ಒರಗಿದವಳಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಮಧ್ಯಾಹ್ನದ ಬಿಸಿಲು ಗೋಡೆಯಿಂದ ಇಳಿದು ನನ್ನ ಕಾಲ ಮೇಲಿತ್ತು. ಅವರು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಆ ತೊಗಲಿನ ದಾರ ಇತ್ತು.

"ಏನು ಆಂಟಿ?"

"ಏನಿಲ್ಲ. ಮಲಗಿದ್ರೆ ಜನ ಒಂದು ಬೆರಳು ಉದ್ದ ಆಗ್ತಾರೆ" ಎಂದು ಎದ್ದು ಹೋಗಿ ದಾರವನ್ನು ಮೊಳೆಗೆ ಹಾಕಿದರು. ನಾನು ಚೂಡಿದಾರದ ಅಂಚು ಎಳೆದುಕೊಂಡೆ. ಟೀ ಕುಡಿದೆವು. ಆ ದಿನ ಓದಿದ ಕಥೆ ಯಾವುದೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಈ ವರ್ಷ ಮಾವು ಹೂ ಬಿಟ್ಟ ಕಾಲದಲ್ಲಿ ಅವರು ಹೋದರು. ಕುರ್ಚಿಯಲ್ಲಿ ಕೂತಿದ್ದ ಹಾಗೇ. ರತ್ನಮ್ಮ ಸಾರು ಕೊಡಲು ಬಂದವರು ನೋಡಿ ನನಗೆ ಫೋನು ಮಾಡಿದರು. "ಕೂತೇ ಅವ್ರೆ ಕಣಮ್ಮ. ಕರದ್ರೆ ಮಾತ್ರ ಮಾತಾಡ್ತಿಲ್ಲ" ಎಂದರು. ಟೊರಾಂಟೋದ ಮನುಷ್ಯ ಫೋನಿನಲ್ಲಿ ಅತ್ತ. ಇಂಗ್ಲಿಷಿನಲ್ಲಿ, ನಿಮಗೆ ಸರಿ ಕಂಡಂತೆ ಮಾಡಿ ಎಂದ.

ಹೆಂಗಸರು ಅವರ ಮೈ ತೊಳೆಯುತ್ತಿದ್ದಾಗ ನಾನು ಅಡುಗೆಮನೆಗೆ ಹೋಗಿ ದಾರವನ್ನು ತೆಗೆದುಕೊಂಡೆ. ಅವರ ಜಾಡಿಗೆ ಅಳತೆ ಬೇಕಲ್ಲ. ಬೆರಳಿಗೆ ಒಂದು ಗಂಟು ಹೆಚ್ಚಿಗೆ ಸಿಕ್ಕಿತು. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಮೇಲಿನದು ಅವರ ಗಂಡನದು. ಕೆಳಗಿನದು ಅವರದು. ಅವರದಕ್ಕಿಂತ ಎರಡು ಬೆರಳು ಮೇಲೆ ಮೂರನೆಯದೊಂದು, ಹೊಸದು, ಬಿಗಿಯಾಗಿ ಎಳೆದು ಹಾಕಿದ್ದು. ನನ್ನ ತೊಡೆಗೆ ಇಟ್ಟು ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಮಡಚಿ ನನ್ನ ಹೆಗಲ ಚೀಲದಲ್ಲಿ ಹಾಕಿಕೊಂಡೆ.

ಗಂಡನ ಪಕ್ಕದಲ್ಲೇ ಗುಂಡಿ ತೋಡಿತ್ತು. ರತ್ನಮ್ಮನ ಮನೆಯವರು, ಸಾಹೇಬರ ಇಬ್ಬರು ಮಕ್ಕಳು, ತೋಟದ ಕೆಲಸದವರು ಬಂದಿದ್ದರು. ಚೌಡಪ್ಪನ ಮೊಮ್ಮಗಳು ಹೂವು ಬಿಡಿಸಿ ತಂದಿದ್ದಳು. ಬೇಲಿಗೆ ಒರಗಿಸಿ ಒಂದು ತುಂಬಿದ ಚೀಲ ಇತ್ತು. ಕಲ್ಲುಪ್ಪು.

ಚೌಡಪ್ಪ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಮಂಡಿ ಈಗ ಮುಚ್ಚೋಯ್ತಲ್ಲ ಮೇಡಮ್ಮ. ನಾನೇ ಶ್ರೀನಿವಾಸಪುರದಿಂದ ಹೊತ್ಕೊಂಬಂದೆ. ಯಜಮಾನ್ರಿಗೆ ಹಾಕಿದಷ್ಟಿಲ್ಲ. ಚೀನಾಮ್ಮ ಬೇಜಾರ್ ಮಾಡ್ಕೊಳ್ಳಲ್ಲ ಅಲ್ವಾ?"

ದೇಹವನ್ನು ಇಳಿಸಿದರು. ಅವನು ಚೀಲದ ಬಾಯಿ ಬಿಚ್ಚತೊಡಗಿದ.

"ಬೇಡ ಚೌಡಪ್ಪ" ಎಂದೆ.

ಎಲ್ಲರೂ ನನ್ನ ಕಡೆ ನೋಡಿದರು. ನಾಲ್ಕು ಜನರ ಮುಂದೆ ನನ್ನದೇ ಮಾತನ್ನು ಗಟ್ಟಿಯಾಗಿ ಆಡಿ ಅಭ್ಯಾಸವಿಲ್ಲದವಳು ನಾನು. ಇನ್ನೊಬ್ಬರ ಮಾತಾದರೆ ಸಾವಿರ ಜನರ ಮುಂದೆಯೂ ಹೇಳಬಲ್ಲೆ.

"ಬೇಡ ಅಂದ್ರೆ? ಉಪ್ಪಿಲ್ದೆ ಹೆಂಗೆ ತಾಯಿ? ದಿಕ್ಕಿಲ್ದೋಳಾ ಅವ್ಳು?" ಚೌಡಪ್ಪ ಪಕ್ಕದ ಹಳೆಯ ಮಣ್ಣಿನ ಕಡೆ ತಿರುಗಿದ. "ಗಂಡನ್ಗೆ ಹಾಕಿ ಹೆಂಡ್ತಿಗೆ ಹಾಕಲ್ಲ ಅಂದ್ರೆ, ಆವತ್ತು ನಾನೇನಾರ ತಪ್ಪು ಮಾಡಿದ್ನಾ?"

ಅವನು ಕೇಳಬಾರದಾಗಿದ್ದ ಪ್ರಶ್ನೆಯನ್ನೇ ಕೇಳಿಬಿಟ್ಟ. ಉತ್ತರಕ್ಕೆ ಕಾಯುತ್ತ ನಿಂತ. ಕೈ ಚೀಲದ ಬಾಯಿಯ ಮೇಲೇ ಇತ್ತು. ಹೌದು ಎಂದರೆ ಉಪ್ಪು ನಿಲ್ಲುತ್ತಿತ್ತು. ಆದರೆ ಅವನು ಆಮೇಲೆ ಆ ಮೂಲೆಗೆ ದೀಪ ಹಿಡಿದು ಹೇಗೆ ಬರುವುದು? ಇಲ್ಲ ಎಂದರೆ ಚೀಲ ಬರಿದಾಗುತ್ತಿತ್ತು, ಅವರೂ ಗಂಡನ ಹಾಗೇ ಕಣ್ಣು ಮುಚ್ಚಿಕೊಂಡು, ಬಟನ್ನು ಹಾಕಿಕೊಂಡು ಮಲಗಿಯೇ ಇರುತ್ತಿದ್ದರು.

"ಛೇ, ತಪ್ಪೇನಿಲ್ಲ" ಎಂದೆ. "ಅವರಲ್ಲಿ ಗಂಡಸರಿಗೆ ಉಪ್ಪು. ಹೆಂಗಸರಿಗೆ ಬೇರೆ."

"ಏನು ಬೇರೆ?"

ನನಗೆ ಗೊತ್ತಿರಲಿಲ್ಲ. ನನ್ನ ಹೆಗಲ ಚೀಲಕ್ಕೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದನ್ನು ಹೊರಗೆ ತೆಗೆದೆ.

"ಮುಂದೆ ಎತ್ತೋಳ ಅಳತೆ ಹಾಕ್ತಾರೆ. ಎದೆಯ ಎಡಗಡೆ, ಹೆಗಲಿಂದ ಐದು ಬೆರಳು ಕೆಳಗೆ. ಗಂಟು ಮಣ್ಣಿನ ಕಡೆಗಿರಬೇಕು."

ಚೌಡಪ್ಪ ದಾರವನ್ನು ನೋಡಿದ, ನನ್ನನ್ನು ನೋಡಿದ. ಸಾಹೇಬರ ಹಿರಿಯ ಮಗ ತಲೆಯಾಡಿಸಿ, "ಹಾಂ, ಅಬ್ಬಾ ಏನೋ ಹಿಂಗೇ ಹೇಳ್ತಿದ್ರು" ಎಂದರು. ಅಂಥದ್ದೇನನ್ನೂ ಅವರ ತಂದೆ ಹೇಳಿರಲು ಸಾಧ್ಯವಿರಲಿಲ್ಲ.

"ಐದು ಬೆರಳಾ?" ಎಂದ ಚೌಡಪ್ಪ.

"ಐದು."

ಅವನು ಎರಡು ಕೈಯಲ್ಲಿ ದಾರವನ್ನು ಈಸಿಕೊಂಡು ಗುಂಡಿಗೆ ಇಳಿದ. ಹೆಗಲಿಂದ ಬೆರಳಿಟ್ಟು ಅಳೆದ. ಗಂಟುಗಳನ್ನು ಒಂದೊಂದಾಗಿ ಕೆಳಮುಖ ಮಾಡಿ ಎದೆಯ ಮೇಲೆ ಇಟ್ಟ. ಮೂರನೆಯ ಗಂಟು ತಿರುಗಿಕೊಳ್ಳಲಿಲ್ಲ. ಅವನು ಅದನ್ನು ಹೆಬ್ಬೆರಳಿಂದ ಒತ್ತಿ ಹಿಡಿದು ಕೂರಿಸಿದ. ಆಮೇಲೆ ಮೇಲೆ ಬಂದು ಉಪ್ಪಿನ ಚೀಲದ ಬಾಯಿ ಕಟ್ಟಿ ಪಕ್ಕಕ್ಕೆ ಸರಿಸಿದ. ಮಣ್ಣು ಬೀಳತೊಡಗಿದಾಗ ನನ್ನ ಎಡಗಾಲು ಜೋಮು ಹಿಡಿದಿತ್ತು. ಬಹಳ ಹೊತ್ತು ನಿಂತದ್ದಕ್ಕೆ ಇರಬೇಕು.

ಸಂಜೆ ಕೋಲಾರಕ್ಕೆ ಬರುವಾಗ, ನಾನು ಜೀವನದಲ್ಲಿ ಹೇಳಿದ ಮೊದಲ ಕಥೆ ಅದು ಎಂದು ಅನ್ನಿಸಿತು. ಅಳತೆ ಕೊಟ್ಟದ್ದಕ್ಕೆ ಎಲ್ಲರೂ ನಂಬಿದರು. ಅವರ ಎರಡು ಪುಸ್ತಕ ನನ್ನ ಮೇಜಿನ ಮೇಲಿದೆ. ತೊಟ್ಟಿಯ ಕಥೆಯನ್ನು ಕನ್ನಡಕ್ಕೆ ಮಾಡಿ ಮುಗಿಸಿದ್ದೇನೆ, ಬೀಗದ್ದು ಅರ್ಧವಾಗಿದೆ. ಎಲ್ಲಿ ನಿಲ್ಲಿಸಿದ್ದಾರೋ ಅಲ್ಲೇ ನಿಲ್ಲಿಸುತ್ತಿದ್ದೇನೆ. ಆದರೆ ಆ ಸಂಜೆ ನನ್ನನ್ನು ಕಾಡಿದ್ದು ಬೇರೆ. ಅವರ ಜಾಡಿಯ ಅಳತೆ ಇದ್ದದ್ದು ಆ ದಾರದಲ್ಲಿ ಮಾತ್ರ. ಅದನ್ನು ನನ್ನ ಕೈಯಾರೆ ಮಣ್ಣಿಗೆ ಕೊಟ್ಟಿದ್ದೆ. ಇನ್ನುಳಿದದ್ದು ಕಿಟಕಿಯ ಬೆಳಕಿನಲ್ಲಿ ಅವರ ಗಂಟಿಗೂ ನನ್ನದಕ್ಕೂ ಕಂಡ ಎರಡು ಬೆರಳಿನ ವ್ಯತ್ಯಾಸ. ಅದು ಬಹಳ ದಿನ ನೆನಪಿನಲ್ಲಿ ಸರಿಯಾಗಿ ನಿಲ್ಲುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ಮರುದಿನ ಬೆಳಗ್ಗೆ ರಜೆ ಹಾಕಿ ಮಾಲೂರಿಗೆ ಹೋದೆ. ಹೆಂಚಿನ ಕಾರ್ಖಾನೆಗಳ ಆಚೆ ಇನ್ನೂ ಕೈಯಲ್ಲಿ ಮಡಕೆ ಮಾಡುವ ಒಬ್ಬರಿದ್ದಾರೆ. ನೆಟ್ಟಗೆ ನಿಲ್ಲುವ, ಮುಚ್ಚಳ ಇರುವ ಒಂದು ಜಾಡಿ ಬೇಕೆಂದೆ.

"ರಾಗಿಗಾ, ಉಪ್ಪಿನಕಾಯಿಗಾ?"

"ಸುಮ್ಮನೆ ಇಡೋಕೆ."

"ಎತ್ತರ?"

ಅವರು ಕೊಟ್ಟ ಸೆಣಬಿನ ದಾರದ ತುದಿಯನ್ನು ಸೊಂಟದ ಕೀಲಿಗೆ ಹಿಡಿದು ಮೊಣಕಾಲಿನವರೆಗೆ ಇಳಿಬಿಟ್ಟೆ. ಅವರು ಮುಖ ಬೇರೆ ಕಡೆ ತಿರುಗಿಸಿ ನಿಂತಿದ್ದರು. ಮೊಣಕಾಲಿನ ಹತ್ತಿರ ಚಿವುಟಿ ಹಿಡಿದು ಅವರ ಕೈಗೆ ಕೊಟ್ಟೆ. "ಇದಕ್ಕಿಂತ ಎರಡು ಬೆರಳು ಕಮ್ಮಿ" ಎಂದೆ.

ಅವರು ನಾನು ಚಿವುಟಿದಲ್ಲಿ ಒಂದು ಗಂಟು ಹಾಕಿದರು. ಎರಡು ಬೆರಳು ಬಿಟ್ಟು ಇನ್ನೊಂದು ಹಾಕಿದರು. ಮುಂದಿನ ವಾರ ಬಿಟ್ಟು ಅದರ ಮುಂದಿನ ವಾರ ಬನ್ನಿ ಎಂದರು. ನಾನು ಹೊರಟವಳು ತಿರುಗಿ ನೋಡಿದಾಗ ದಾರವನ್ನು ಎರಡು ಗಂಟಿನ ಸಮೇತ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು.

"ದೊಡ್ಡ ಅಳತೆನೂ ಇಲ್ಲೇ ಇರ್ಲಿ ಬಿಡಮ್ಮ. ಆ ಸೈಜಿಂದೂ ಬೇಕಾದ್ರೆ ಒಂದು ಫೋನ್ ಮಾಡು ಸಾಕು."

ಆ ಗಂಟು ಬಿಚ್ಚಿ ಎಂದು ನಾನು ಹೇಳಲಿಲ್ಲ.